ಹಕ್ಕಿಗಳ ಹಿಂಗಾರಿ

ಗದಗಿನ ಸಮೀಪದಿಂದ ಹೊರಟು ತುಂಗಭದ್ರೆಯ ತಡಿಯತ್ತ ತೆಂಕಣಕ್ಕೆ ಸಾಗುವ ಕಪ್ಪತಗುಡ್ಡದ ಸಾಲು, ಅದರ ಪಾದದಲ್ಲಿ ಕೆಂಪಗೆ ಹಾಸಿದ ಮಸಾರಿ ನೆಲ, ಮಸಾರಿಯನ್ನು ದಾಟಿದೊಡನೆ ಕಣ್ಣು ಹರಿಯುವ ತನಕ ಗಿಡಮರಗಳ ಅಡ್ಡಿಯಿಲ್ಲದೆ ಚಾಚಿಕೊಂಡ ಎರಿಭೂಮಿ, ಆ ಎರಿಯ ನಡುವೆ ತಗ್ಗು ಕಂಡಲ್ಲೆಲ್ಲ ಹಿಂದಿನವರು ಒಡ್ಡು ಹಾಕಿ ಮಳೆಯ ನೀರನ್ನು ತಡೆದು ನಿಲ್ಲಿಸಿದ ಕೆರೆಗಳು: ಗದಗ-ಬೆಟಗೇರಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಸೀಮೆಯ ಸ್ವರೂಪವನ್ನು ಇಷ್ಟರಲ್ಲಿಯೇ ಹೇಳಿ ಮುಗಿಸಬಹುದು. ವರ್ಷಕ್ಕೆ 600 ಮಿಲಿಮೀಟರಿನ ಆಚೀಚೆ ಮಳೆ ಕಾಣುವ, ಅದೂ ಬಂದರೆ ಬಂತು ಇಲ್ಲದಿದ್ದರೆ ಇಲ್ಲವೆಂಬ ನಾಡು ಇದು. ಹಕ್ಕಿಗಳನ್ನು ನೋಡಬೇಕೆಂದರೆ ಮಲೆನಾಡಿಗೋ ರಂಗನತಿಟ್ಟಿಗೋ ಹೋಗಬೇಕೆಂದು ತಿಳಿದಿರುವ ನಮ್ಮವರಿಗೆ, ಮಂಗೋಲಿಯ, ಟಿಬೆಟ್ಟುಗಳಲ್ಲಿ ಮರಿ ಮಾಡಿದ ಹಕ್ಕಿಯೊಂದು ಹಿಮಾಲಯವನ್ನು ದಾಟಿ, ಗಂಗೆಯ ಬಯಲನ್ನು ದಾಟಿ, ಸಹಸ್ರಾರು ಸಂಖ್ಯೆಯಲ್ಲಿ ಪ್ರತಿ ಚಳಿಗಾಲವೂ ಶಿರಹಟ್ಟಿಯ ಮಗ್ಗುಲಿಗೆ ಬಂದು ಇಳಿಯುವುದೆಂದರೆ ಮೊದಲಿಗೆ ನಂಬುಗೆ ಬಾರದು. ನಂಬಿದ ಮೇಲೆ ಕಾರಣವನ್ನು ಕೇಳಿದರೆ ದೊರೆಯುವ ಉತ್ತರವೆಂದರೆ ಕೆರೆ. ಆ ಉತ್ತರ ಸುಳ್ಳಲ್ಲ. ಆದರೆ ಅರ್ಧ ಮಾತ್ರ. ಮಿಕ್ಕ ಅರ್ಧವು ಹಿಂಗಾರಿಯ ಹೊಲದಲ್ಲಿದೆ. ಆದುದರಿಂದಲೇ ಈ ಸೀಮೆಯ ಹಕ್ಕಿಗಳನ್ನು ನೋಡಬಯಸುವವನು ಒಂದು ದಿನವನ್ನು ಪೂರ್ತಿಯಾಗಿ ಮೀಸಲಿಟ್ಟು, ಗುಡ್ಡದ ಬುಡದಿಂದ ಆರಂಭಿಸಿ ಹೊಲಗಳ ಮಾರ್ಗವಾಗಿಯೇ ಕೆರೆಗೆ ಬರಬೇಕೆಂಬುದು ನನ್ನ ಅಭಿಪ್ರಾಯ.

ಹಾಗೆ ಆರಂಭಿಸುವುದಕ್ಕೆ ಡೋಣಿಗಿಂತ ತಕ್ಕ ಸ್ಥಳವಿಲ್ಲ. ಮುಂಡರಗಿ ತಾಲೂಕಿನ ಈ ಊರು ಕಪ್ಪತಗುಡ್ಡದ ಮೂಡಣ ಮಗ್ಗುಲಿಗೆ ಒರಗಿಕೊಂಡಿದೆ. ಧನುರ್ಮಾಸದ ಬೆಳಗಿನಲ್ಲಿ ಸೂರ್ಯನ ಮೊದಲ ಕಿರಣ ಬೀಳುವುದು ಗುಡ್ಡದ ನೆತ್ತಿಯ ಗಾಳಿಯಂತ್ರಗಳ ಮೇಲೆ. ಅನಂತರ ಬಂದರಿಕೆ ತಂಗಡಿಗಳ ಪೊದೆಗಳ ಮೇಲೆ. ಊರ ಮುಂದಿನ ಹೊಲಗಳಿಗೆ ಬೆಳಕು ಇಳಿಯುವ ಹೊತ್ತಿಗೆ ಕೌಜುಗಗಳು ಬದುವಿನಿಂದ ಬದುವಿಗೆ ಒಂದನ್ನೊಂದು ಕೂಗಿ ಕರೆದು ಮುಗಿಸಿರುತ್ತವೆ. ಇಳಿಜಾರಿನ ಕಲ್ಲುಗಳ ನಡುವೆ ನವಿಲುಗಳು ನಡೆದಾಡುವುವು. ಪಿಕಳಾರಗಳು ಪೊದೆಯ ತುದಿಗೆ ಏರಿ ಕೂಡುವುವು. ಹೊಲದ ಹೆಂಟೆಗಳ ನಡುವೆ, ಹೆಂಟೆಯದೇ ಬಣ್ಣವನ್ನು ಧರಿಸಿದ ನೆಲಗುಬ್ಬಿಯ ಗಂಡು, ಕಾಲಡಿಯಿಂದಲೇ ಎದ್ದಿತೋ ಎಂಬಂತೆ ಚಿಮ್ಮಿ ಮೇಲಕ್ಕೇರಿ, ರೆಕ್ಕೆಗಳನ್ನು ಮಡಿಚಿಕೊಂಡು ಕೆಳಕ್ಕೆ ಜಾರುತ್ತ, ಮತ್ತೆ ಏರುತ್ತ, ಮತ್ತೆ ಜಾರುತ್ತ ತನ್ನ ಸೀಮೆಯನ್ನು ಸಾರುವುದು.

ಇಲ್ಲಿ ಕಡಲೆಯ ಹೊಲದೊಳಗೆ ಕಾಲಿಟ್ಟರೆ ಮೊಣಕಾಲಿನವರೆಗೆ ಬಟ್ಟೆ ತೊಯ್ಯುತ್ತದೆ. ಎಲೆಯ ಮೇಲೆ ನಿಂತ ಇಬ್ಬನಿಯನ್ನು ಬೆರಳಿನಿಂದ ಒರಸಿ ನಾಲಗೆಗೆ ಮುಟ್ಟಿಸಿದರೆ ಹುಳಿ. ಕಡಲೆಯ ಗಿಡವು ತನ್ನ ಎಲೆ ಕಾಂಡಗಳ ಮೇಲಿನ ಸಣ್ಣ ರೋಮಗಳಿಂದ ಒಸರುವ ಆಮ್ಲ ಅದು. ನಸುಕಿನಲ್ಲಿ ತೆಳುವಾದ ಅರಿವೆಯನ್ನು ಗಿಡಗಳ ಮೇಲೆ ಹಾಸಿ, ಹಿಂಡಿ, ಆ ಹುಳಿಯನ್ನು ಔಷಧಕ್ಕೆಂದು ಕೂಡಿಸಿಡುವ ವಾಡಿಕೆ ನಮ್ಮ ಹಿರಿಯರಲ್ಲಿತ್ತು. ಇಬ್ಬನಿಯ ಮಾತು ಹಕ್ಕಿಗಳ ಕಥೆಗೆ ಹೊರಗಿನದಲ್ಲ. ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬಿ, ಗೋದಿಗಳು ಬಿತ್ತಿದ ಮೇಲೆ ಮಳೆಯನ್ನು ಬಹುಮಟ್ಟಿಗೆ ಕಾಣದೆ, ಎರಿಯ ಮಣ್ಣು ತನ್ನೊಡಲಿನಲ್ಲಿ ಹಿಡಿದಿಟ್ಟುಕೊಂಡ ತೇವದಿಂದಲೂ ಇಂತಹ ಇಬ್ಬನಿಯ ತಂಪಿನಿಂದಲೂ ಬೆಳೆದು ಬರುವ ಪೈರುಗಳು. ಎಂದರೆ, ಉತ್ತರದ ಸರೋವರಗಳು ಹೆಪ್ಪುಗಟ್ಟಿ ಅಲ್ಲಿನ ಹುಲ್ಲು ಹಿಮದಡಿಯಲ್ಲಿ ಅಡಗಿಹೋಗುವ ಕಾಲಕ್ಕೆ ಸರಿಯಾಗಿ ನಮ್ಮ ನೆಲ, ಮಳೆಗಾಲ ಕಳೆದ ಮೇಲೆಯೂ, ಎಳೆಯ ಹಸುರನ್ನು ಹೊತ್ತು ನಿಲ್ಲುತ್ತದೆ. ನವೆಂಬರಿನಲ್ಲಿ ಬರುವ ಹಕ್ಕಿಗೆ ಬೇಕಾದುದು ಇದೇ.

ಗುಡ್ಡದ ಅಂಚಿನಲ್ಲಿ, ಪೈರಿನ ಮೇಲೆ ಒಂದೆರಡು ಮೊಳ ಎತ್ತರದಲ್ಲಿ, ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದು ನಿಶ್ಶಬ್ದವಾಗಿ ತೇಲುತ್ತ, ಹೊಲದ ಒಂದು ತಲೆಯಿಂದ ಇನ್ನೊಂದು ತಲೆಗೆ ಹೋಗಿ ಮರಳಿ ಬರುವ ತೆಳ್ಳನೆಯ ಬೇಟೆಹಕ್ಕಿ ಸೆಳೆವ. ಗಂಡು ಬೂದಿಯ ಬಿಳುಪು. ಹೆಣ್ಣು ಕಂದು, ಬಾಲದ ಬುಡದಲ್ಲಿ ಒಂದು ಬಿಳಿಯ ಪಟ್ಟಿ. ಇದೂ ಮಧ್ಯ ಏಷ್ಯದ ಹುಲ್ಲುಬಯಲುಗಳಿಂದ ಬಂದುದೇ. ಮಿಡತೆ, ಇಲಿ, ಓತಿ, ಸಣ್ಣ ಹಕ್ಕಿ ಇದರ ಆಹಾರ. ಮಿಕ್ಕ ಬೇಟೆಹಕ್ಕಿಗಳು ಇರುಳಿಗೆ ಮರವನ್ನೋ ಬಂಡೆಯನ್ನೋ ಆಶ್ರಯಿಸಿದರೆ ಇದು ನೆಲದ ಮೇಲೆ, ಎತ್ತರ ಬೆಳೆದ ಹುಲ್ಲಿನ ಮರೆಯಲ್ಲಿ, ಗುಂಪುಗೂಡಿ ಮಲಗುತ್ತದೆ. ಹುಲ್ಲುಗಾವಲನ್ನು ಪಾಳುಬಿದ್ದ ನೆಲವೆಂದು ಲೆಕ್ಕಕ್ಕೆ ಬರೆದು, ಸಸಿ ನೆಟ್ಟೋ ಉತ್ತೋ ಅದನ್ನು ಉದ್ಧರಿಸಹೊರಡುವವರು ಈ ಹಕ್ಕಿಯ ಹಾಸಿಗೆಯನ್ನು ಎಳೆದು ಹಾಕುತ್ತಿದ್ದಾರೆಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು.

ಕಪ್ಪತಗುಡ್ಡದ ಉಳಿವಿನ ವೃತ್ತಾಂತ ನಾಡಿಗೆ ಗೊತ್ತಿರುವುದೇ. ಕಬ್ಬಿಣದ ಅದಿರೂ ಚಿನ್ನದ ಎಳೆಯೂ ಇರುವ ಈ ಗುಡ್ಡಕ್ಕೆ 2015ರಲ್ಲಿ ಸಂರಕ್ಷಿತ ಪ್ರದೇಶವೆಂಬ ಮಾನ್ಯತೆ ಬಂತು. 2016ರಲ್ಲಿ ಅದು ಹಿಂದಕ್ಕೆ ಹೋಯಿತು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತು 2017ರ ಫೆಬ್ರವರಿಯಲ್ಲಿ ನಡೆಸಿದ ಹೋರಾಟದ ಫಲವಾಗಿ ಮತ್ತೆ ಮರಳಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರು ಪ್ರದೇಶ ವನ್ಯಜೀವಿಧಾಮವೆಂದು ಘೋಷಿತವಾಯಿತು. ಆಗ ನಡೆದ ವಾದವಿವಾದಗಳಲ್ಲಿ ಔಷಧೀಯ ಸಸ್ಯಗಳ ಮಾತು, ಗಾಳಿಯ ಮಾತು ಹೆಚ್ಚಾಗಿ ಕೇಳಿಬಂದುವು. ಅವೆಲ್ಲ ನ್ಯಾಯವಾದ ಮಾತುಗಳೇ. ಆದರೆ ಗುಡ್ಡದ ಮೇಲೆ ಬಿದ್ದ ಮಳೆ ಎಲ್ಲಿ ಹೋಗಿ ನಿಲ್ಲುತ್ತದೆಂದು ಹಳ್ಳಗಳ ಗುಂಟ ನಡೆದು ನೋಡಿದವನಿಗೆ, ಹುಲ್ಲು ಪೊದೆಗಳನ್ನು ಕಳೆದುಕೊಂಡ ಗುಡ್ಡದಿಂದ ಕೆರೆಗೆ ಬರುವುದು ನೀರಿಗಿಂತ ಹೂಳೇ ಹೆಚ್ಚೆಂಬುದು ತಾನೇ ತಿಳಿಯುತ್ತದೆ.

ಡೋಣಿಯಿಂದ ಸಮೀಪದಲ್ಲಿಯೇ ಡಂಬಳ. ಇಪ್ಪತ್ನಾಲ್ಕು ಮೂಲೆಗಳ ನಕ್ಷತ್ರಾಕಾರದ ಗರ್ಭಗೃಹವುಳ್ಳ ದೊಡ್ಡಬಸಪ್ಪನ ಗುಡಿ ಶಿಲ್ಪಾಭ್ಯಾಸಿಗಳನ್ನು ದೂರದೂರದಿಂದ ಸೆಳೆಯುತ್ತದೆ. 1095ರ ಶಾಸನವೊಂದು ಇಲ್ಲಿ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವನ್ನೂ ತಾರಾದೇವಿಯನ್ನೂ ಹೆಸರಿಸುತ್ತದೆ. ಇಂತಹ ಪಟ್ಟಣ, ಇಂತಹ ವರ್ತಕರು, ಇಷ್ಟೊಂದು ಗುಡಿ ವಿಹಾರಗಳು ಈ ಒಣನಾಡಿನಲ್ಲಿ ಬಾಳಿದುದು ಕೆರೆ ಬಾವಿಗಳ ಬಲದಿಂದ. ಊರ ಬಳಿಯ ವಿಸ್ತಾರವಾದ ಕೆರೆಯ ಒಡ್ಡಿನ ಮೇಲೆ, ಬಿಸಿಲು ಏರುವ ಮುನ್ನ ಒಂದು ಗಳಿಗೆ ಕುಳಿತರೆ ನಾಮದಕೋಳಿಗಳು ಕರಿಯ ಮೈ, ಬಿಳಿಯ ಹಣೆ ಹೊತ್ತು ನೀರಿನ ಮೇಲೆ ಚೆಲ್ಲಿಕೊಂಡಿರುವುದು ಕಾಣುತ್ತದೆ. ಗುಳುಮುಳುಕ ನೋಡುತ್ತಿರುವಾಗಲೇ ಮುಳುಗಿ, ನೋಡದೆ ಇರುವಲ್ಲಿ ಏಳುತ್ತದೆ. ಮೆಟ್ಟುಗಾಲು ಹಕ್ಕಿಗಳು ಕೆಂಪನೆಯ ನೀಳಗಾಲುಗಳ ಮೇಲೆ ಕೆಸರಿನಂಚಿನಲ್ಲಿ ಹೆಜ್ಜೆ ಅಳೆಯುತ್ತವೆ. ಟಿಟ್ಟಿಭ ಯಾರನ್ನು ಕಂಡರೂ ಕೂಗಿ ಎಲ್ಲರನ್ನೂ ಎಚ್ಚರಿಸುತ್ತದೆ. ನೀರು ಸರಿದು ಬಯಲಾದ ಅಂಚಿನಲ್ಲಿ ಹಳದಿ ಸಿಪಿಲೆಗಳು ಬಾಲ ಕುಣಿಸುತ್ತ ದನಗಳ ಕಾಲ ಸುತ್ತ ಓಡಾಡುತ್ತವೆ; ದನದ ಗೊರಸಿಗೆ ಎದ್ದ ನೊಣವೇ ಅವುಗಳಿಗೆ ಬೆಳಗಿನ ಊಟ. ಕೆರೆಯ ಅಂಚಿಗೆ ದನ ಇಳಿಯಬಾರದೆಂದು ಎಲ್ಲೆಡೆ ಬೇಲಿ ಹಾಕಿಸಬೇಕೆನ್ನುವವರು ಈ ದೃಶ್ಯವನ್ನು ಒಮ್ಮೆ ನೋಡಿದರೆ ಒಳ್ಳೆಯದು.

ಈ ಭಾಗದ ಹಕ್ಕಿಗಳ ಅಧ್ಯಯನ ನಿನ್ನೆ ಮೊನ್ನೆಯದಲ್ಲ. ಬ್ರಿಟಿಷರು ದಕ್ಷಿಣ ಮರಾಠಾ ಸೀಮೆಯೆಂದು ಕರೆಯುತ್ತಿದ್ದ ನಾಡಿನಲ್ಲಿ ಈ ಭಾಗವನ್ನು ಒಳಗೊಂಡ ಧಾರವಾಡದ ಪ್ರಾಂತವೂ ಸೇರಿತ್ತು. ಸೈನ್ಯಾಧಿಕಾರಿಯಾಗಿದ್ದ ಇ. ಎ. ಬಟ್ಲರ್ ಎಂಬವನು ದಖ್ಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿಯೊಂದನ್ನು 1881ರಲ್ಲಿ, ಎ. ಓ. ಹ್ಯೂಮ್ ನಡೆಸುತ್ತಿದ್ದ ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದನು. ಅಂದಿನವರ ಕೈಯಲ್ಲಿ ದುರ್ಬೀನಿಗಿಂತ ಬಂದೂಕು ಹೆಚ್ಚಾಗಿ ಇದ್ದಿತು. ಕೊಂದ ಹಕ್ಕಿಯ ಚರ್ಮವನ್ನು ಒಣಗಿಸಿ ಅಳೆದು ಬರೆದಿಡುವುದೇ ಅಂದಿನ ಶಾಸ್ತ್ರ. ಕೊಲ್ಲದೆ ನೋಡುವ, ನೋಡಿ ಎಣಿಸುವ ಕ್ರಮ ಈಗಿನದು. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯದ ನಾಡುಗಳಲ್ಲಿ ನಡೆದುಬಂದಿರುವ ನೀರುಹಕ್ಕಿಗಳ ಗಣತಿಯಲ್ಲಿ ಶಾಲೆಯ ಮಾಸ್ತರರೂ ಕಾಲೇಜು ಹುಡುಗರೂ ಸೇರಿಕೊಳ್ಳುತ್ತಾರೆಂಬುದು ನನಗೆ ಬಹಳ ಸಂತೋಷದ ವಿಷಯ.

ಡಂಬಳವನ್ನು ಬಿಟ್ಟು, ಗುಡ್ಡವನ್ನು ಬಳಸಿಕೊಂಡು ಪಡುವಣಕ್ಕೆ, ಶಿರಹಟ್ಟಿಯ ಕಡೆಗೆ ಹೊರಳಿದರೆ ದಾರಿಯ ಎರಡು ಕಡೆಗೂ ಎರಿ. ಜೋಳ ಹೊಡೆಹಾಯ್ದು ನಿಂತ ಕಾಲದಲ್ಲಿ ಈ ದಾರಿಯನ್ನು ಅವಸರದಿಂದ ಕಳೆಯುವುದು ತಪ್ಪು. ತಂತಿಯ ಮೇಲೆ ನೀಲಕಂಠ ಒಂದು ಕಡೆ, ಕಾಜಾಣ ಇನ್ನೊಂದು ಕಡೆ. ಜಾಲಿಯ ಮುಳ್ಳಿಗೆ ಮಿಡತೆಯನ್ನು ಸಿಕ್ಕಿಸಿಟ್ಟು ಹರಿದು ತಿನ್ನುವ ಕೀಚುಗ ಮತ್ತೊಂದು ಕಡೆ. ಗುಲಾಬಿ ಮೈನಾಗಳು ನೂರುಗಟ್ಟಲೆಯ ಮೋಡವಾಗಿ ಬಂದು ಜೋಳದ ಮೇಲೆ ಇಳಿಯುವುವು. ಇವುಗಳನ್ನು ಒಕ್ಕಲಿಗ ಶಪಿಸುವುದರಲ್ಲಿ ಆಶ್ಚರ್ಯವಿಲ್ಲ. ಹಾಲುಗಾಳಿನ ತೆನೆಯನ್ನು ಹೊಕ್ಕರೆ ಅವು ಬರಿಯ ಕಂಕಿಯನ್ನು ಬಿಟ್ಟು ಹೋಗುತ್ತವೆ. ಆದರೆ ಇದೇ ಹಕ್ಕಿ ತಾನು ಹುಟ್ಟಿದ ನಾಡಿನಲ್ಲಿ ಮಿಡತೆಯ ದಂಡುಗಳನ್ನು ತಿಂದು ಮರಿಗಳನ್ನು ಬೆಳೆಸುವುದು. ಅಲ್ಲಿನ ರೈತನಿಗೆ ಅದು ಮಿತ್ರ. ಒಂದೇ ಜೀವಿ ಎರಡು ನೆಲಗಳಲ್ಲಿ ಎರಡು ಬಗೆಯ ಸಂಬಂಧವನ್ನು ಇಟ್ಟುಕೊಂಡಿರುವುದನ್ನು ತಿಳಿದಾಗ, ಕವಣೆ ಬೀಸುವ ಕೈಯನ್ನಾಗಲಿ ಹಕ್ಕಿಯನ್ನಾಗಲಿ ಏಕಾಏಕಿ ದೂಷಿಸುವುದಕ್ಕೆ ಮನಸ್ಸು ಒಪ್ಪುವುದಿಲ್ಲ.

ಎಳ್ಳಮಾವಾಸ್ಯೆ ಬಂತೆಂದರೆ ಈ ಹೊಲಗಳು ಒಂದು ದಿನದ ಮಟ್ಟಿಗೆ ಊರಾಗುತ್ತವೆ. ಸಜ್ಜಿಯ ರೊಟ್ಟಿ, ಎಣಗಾಯಿ, ಪುಂಡಿಪಲ್ಲೆ, ಕಡುಬು, ಶೇಂಗಾ ಹೋಳಿಗೆಗಳ ಬುತ್ತಿಯನ್ನು ಕಟ್ಟಿಕೊಂಡು ಬಂಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಬರುವ ಮನೆಮಂದಿಯೆಲ್ಲ ಮೊದಲು ಭೂತಾಯಿಗೆ ಪೂಜೆ ಸಲ್ಲಿಸಿ, ಅಡಿಗೆಯ ಒಂದು ಪಾಲನ್ನು ಹೊಲದ ನಾಲ್ಕು ಕಡೆಗೂ ಎರಚಿ ಚರಗ ಚೆಲ್ಲಿದ ಮೇಲೆಯೇ ಉಣ್ಣಲು ಕೂಡುವುದು. ಚೆಲ್ಲಿದ ಚರಗ ಇರುವೆಗೂ ಹಕ್ಕಿಗೂ ಸಲ್ಲುತ್ತದೆ. ಬೆಳೆಯಲ್ಲಿ ಮನುಷ್ಯನದಲ್ಲದ ಪಾಲೊಂದು ಇದೆಯೆಂಬ ತಿಳಿವಳಿಕೆ ಈ ಆಚರಣೆಯಲ್ಲಿ ಅಡಕವಾಗಿದ್ದು, ದೂರದ ಹಕ್ಕಿಗಳು ಬಂದಿಳಿಯುವ, ಶಿರಹಟ್ಟಿಯ ಮಗ್ಗುಲಿನ ಮಾಗಡಿಯ ಕೆರೆಯ ವಿಷಯಕ್ಕೆ ಬಂದಾಗ ಅದು ಬಹು ದೊಡ್ಡ ಆಸರೆಯಾಗಿ ಒದಗಿಬಂದಿದೆ.

ಮಾಗಡಿ ಗ್ರಾಮವು ಗದಗಿನಿಂದ 26 ಕಿಲೋಮೀಟರು, ಶಿರಹಟ್ಟಿಯಿಂದ 8, ಲಕ್ಷ್ಮೇಶ್ವರದಿಂದ 11. ಕೆರೆಯ ವಿಸ್ತೀರ್ಣ ಸುಮಾರು 50 ಹೆಕ್ಟೇರು; ನೀರಾವರಿಗೆಂದು ಮಳೆನೀರನ್ನು ಕೂಡಿಡಲು ಮನುಷ್ಯರು ಕಟ್ಟಿದುದು. ಮೊದಲ ನೋಟಕ್ಕೆ ಬಯಲುಸೀಮೆಯ ಮತ್ತೊಂದು ಕೆರೆ, ಅಷ್ಟೆ. ಆದರೆ ನವೆಂಬರಿನಿಂದ ಮಾರ್ಚಿಯವರೆಗೆ ಹಗಲಿನಲ್ಲಿ ಬಂದು ನೋಡಿದರೆ ನೀರಿನ ಅಂಚಿನಲ್ಲಿ, ತಿಟ್ಟುಗಳ ಮೇಲೆ, ನೀರಿನ ಮಧ್ಯದಲ್ಲಿ, ಕಣದಲ್ಲಿ ಹರವಿದ ಬಿಳಿಜೋಳದ ರಾಶಿಯಂತೆ ಒತ್ತಾಗಿ ಕುಳಿತಿರುವ ಪಟ್ಟೆತಲೆಯ ಹೆಬ್ಬಾತುಗಳು ಕಣ್ಣಿಗೆ ಬೀಳುವುವು. ವರ್ಷಂಪ್ರತಿ ಇಲ್ಲಿಗೆ ಬರುವ ಹೆಬ್ಬಾತುಗಳ ಸಂಖ್ಯೆ ಸುಮಾರು 8,000 ಎಂದು ಅಂದಾಜು. ದಕ್ಷಿಣ ಭಾರತದಲ್ಲಿ ಇವು ಚಳಿಗಾಲ ಕಳೆಯುವ ಅತಿ ದೊಡ್ಡ ತಾಣಗಳಲ್ಲಿ ಇದೂ ಒಂದು. ಲಕ್ಷ್ಮೇಶ್ವರದ ಕಡೆಯ ಶೆಟ್ಟಿಕೇರಿಯ ಕೆರೆಯಲ್ಲಿಯೂ ಇವುಗಳ ಹಿಂಡು ಇಳಿಯುವುದುಂಟು.

ದುರ್ಬೀನನ್ನು ಒಂದು ಹಕ್ಕಿಯ ಮೇಲೆ ನಿಲ್ಲಿಸಿ ಸಾವಕಾಶವಾಗಿ ನೋಡತಕ್ಕದ್ದು. ಮೈಯೆಲ್ಲ ತಿಳಿಬೂದಿ. ತಲೆ ಬಿಳುಪು, ಹಿಂದಲೆಯ ಮೇಲೆ ಒಂದರ ಕೆಳಗೊಂದರಂತೆ ಎರಡು ಕರಿಯ ಅಡ್ಡಪಟ್ಟೆಗಳು, ಮೇಲಿನದು ಕಣ್ಣಿನಿಂದ ಕಣ್ಣಿಗೆ ಹಾಯುವಷ್ಟು ಉದ್ದ, ಕೆಳಗಿನದು ಗಿಡ್ಡ. ಕೊರಳಿನ ಹಿಂಬದಿ ಕಪ್ಪು. ಪಕ್ಕದಲ್ಲಿ ತಲೆಯಿಂದ ಎದೆಯ ಕಡೆಗೆ ಇಳಿಯುವ ಬಿಳಿಯ ಗೆರೆ. ಕೊಕ್ಕೂ ಕಾಲೂ ಕಿತ್ತಳೆ ಬೆರೆತ ಹಳದಿ. ಕೊಕ್ಕಿನ ತುದಿ ಮಾತ್ರ ಕಪ್ಪು. ಎರಡರಿಂದ ಮೂರು ಕಿಲೋಗ್ರಾಮಿನ ತೂಕ. ಗುಂಪಿನಲ್ಲಿ ಕೆಲವಕ್ಕೆ ತಲೆಯ ಪಟ್ಟೆಗಳಿಲ್ಲ. ನೆತ್ತಿಯೂ ಹಿಂಗೊರಳೂ ಮಾಸಲು ಬಣ್ಣ. ಅವು ಆ ವರ್ಷದ ಬೇಸಗೆಯಲ್ಲಿ ಮೊಟ್ಟೆಯೊಡೆದು ಹೊರಬಂದ ಮರಿಗಳು. ಬಾತುಗಳಂತಲ್ಲದೆ ಹೆಬ್ಬಾತುಗಳಲ್ಲಿ ತಾಯಿತಂದೆಗಳೂ ಮರಿಗಳೂ ಮೊದಲ ಚಳಿಗಾಲವನ್ನು ಕೂಡಿಯೇ ಕಳೆಯುವುದು ವಾಡಿಕೆ. ಸಾವಿರ ಹಕ್ಕಿಗಳ ಹಿಂಡನ್ನು ನೋಡುತ್ತ ನೋಡುತ್ತ ಅದು ಹಿಂಡಾಗಿ ಉಳಿಯದೆ ಸಂಸಾರ ಸಂಸಾರವಾಗಿ ಬಿಡಿಸಿಕೊಳ್ಳತೊಡಗುತ್ತದೆ: ಪಟ್ಟೆಯುಳ್ಳ ಎರಡು, ಪಟ್ಟೆಯಿಲ್ಲದ ಮೂರು, ಪಟ್ಟೆಯುಳ್ಳ ಎರಡು, ಪಟ್ಟೆಯಿಲ್ಲದ ಒಂದು. ಮರಿ ಕೊಕ್ಕನ್ನು ಗರಿಗಳೊಳಗೆ ಹುದುಗಿಸಿ ಮಲಗಿದರೆ ಗಂಡುಹಕ್ಕಿ ಕೊರಳೆತ್ತಿ ಕಾಯುತ್ತದೆ. ಪಕ್ಕದ ಸಂಸಾರ ಅಳತೆ ಮೀರಿ ಹತ್ತಿರ ಬಂದರೆ ಕೊರಳು ಚಾಚಿ ಅಟ್ಟುತ್ತದೆ. ಎಲ್ಲಿಯ ಸರೋವರದ ದಂಡೆಯಲ್ಲಿ ನಡೆಯಲು ಕಲಿತ ಮರಿ, ಎಂತಹ ದಾರಿಯನ್ನು ತಾಯಿತಂದೆಗಳ ಹಿಂದೆ ಹಾರಿ ಕಲಿತುಕೊಂಡು ಇಲ್ಲಿಗೆ ಬಂದಿದೆ ಎಂಬುದನ್ನು ಎಣಿಸಿಕೊಂಡಾಗ ನನಗೆ ಕಣ್ಣು ತೆಗೆಯಲು ಮನಸ್ಸೇ ಬರುವುದಿಲ್ಲ.

ಆ ದಾರಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಇವು ಮರಿ ಮಾಡುವುದು ಮಂಗೋಲಿಯ, ಟಿಬೆಟ್ಟು, ಕಿರ್ಗಿಸ್ತಾನ, ನಮ್ಮದೇ ಲಡಾಖಿನ ಎತ್ತರದ ಸರೋವರಗಳ ಬಳಿ. ಮಂಗೋಲಿಯದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿ ಬಿಟ್ಟ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಅಲ್ಲಿಂದ ಇಲ್ಲಿಗೆ ಬರುವ ಹಕ್ಕಿಗೆ ಹಿಮಾಲಯವನ್ನು ಬಳಸಿ ಹೋಗುವ ಮಾರ್ಗವಿಲ್ಲ, ದಾಟಲೇಬೇಕು. ಎವರೆಸ್ಟ್ ಶಿಖರದ ಮೇಲಿಂದಲೇ ಇವು ಹಾರಿಹೋಗುತ್ತವೆಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಹಕ್ಕಿಗಳ ಬೆನ್ನಿಗೆ ಸಣ್ಣ ಯಂತ್ರ ಕಟ್ಟಿ ಉಪಗ್ರಹದ ಮೂಲಕ ಅನುಸರಿಸಿದ ವಿಜ್ಞಾನಿಗಳಿಗೆ ತಿಳಿದುಬಂದ ನಿಜ ಸ್ವಲ್ಪ ಬೇರೆ. ಅವರಿಗೆ ದಾಖಲಾದ ಅತಿ ಹೆಚ್ಚಿನ ಎತ್ತರ 7,290 ಮೀಟರು. ಆದರೆ ಅದು ವಿರಳ. ಸಾಮಾನ್ಯವಾಗಿ ಹಕ್ಕಿ ಕಣಿವೆಗಳನ್ನು ಹಿಡಿದು, ನೆಲ ಏರಿದಲ್ಲಿ ತಾನೂ ಏರಿ, ನೆಲ ಇಳಿದಲ್ಲಿ ತಾನೂ ಇಳಿದು ಸಾಗುತ್ತದೆ. ಒಮ್ಮೆ ಗಳಿಸಿದ ಎತ್ತರವನ್ನು ಕಳೆದು ಮತ್ತೆ ಗಳಿಸುವುದು ವ್ಯರ್ಥ ಶ್ರಮವೆಂದು ನಮಗೆ ತೋರಬಹುದು. ಆದರೆ ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗಿ, ರೆಕ್ಕೆಯ ಪ್ರತಿ ಬಡಿತಕ್ಕೂ ಆಸರೆ ಕಡಿಮೆಯಾಗಿ, ಬಡಿತದ ವೇಗವನ್ನೂ ಹೃದಯದ ಶ್ರಮವನ್ನೂ ಹೆಚ್ಚಿಸಬೇಕಾಗುವುದರಿಂದ, ದಟ್ಟವಾದ ಗಾಳಿಯಿರುವ ಕೆಳಮಟ್ಟಕ್ಕೆ ಇಳಿದು ಮತ್ತೆ ಏರುವುದೇ ಒಟ್ಟಿನ ಲೆಕ್ಕದಲ್ಲಿ ಲಾಭವೆಂದು 2015ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿಕೊಟ್ಟಿತು. ದಾಟುವ ವೇಳೆಯೂ ವಿವೇಕದ್ದು. ಹಗಲಿನ ಗಾಳಿಯ ನೆರವನ್ನು ಕಾಯದೆ, ಇರುಳಿನಲ್ಲಿಯೂ ನಸುಕಿನಲ್ಲಿಯೂ ಗಾಳಿ ತಣ್ಣಗಿದ್ದು, ದಟ್ಟವಾಗಿದ್ದು, ಸ್ತಬ್ಧವಾಗಿರುವ ಹೊತ್ತಿನಲ್ಲಿ ಅವು ಹೆಚ್ಚಾಗಿ ಏರುತ್ತವೆ.

ದೇಹದ ರಚನೆಯೂ ಇದಕ್ಕೆ ಅನುಗುಣವಾಗಿದೆ. ಬಯಲಿನ ಹೆಬ್ಬಾತುಗಳಿಗೆ ಹೋಲಿಸಿದರೆ ಇದರ ಶ್ವಾಸಕೋಶ ದೊಡ್ಡದು. ಹಾರುವ ಸ್ನಾಯುಗಳೊಳಗೆ ಸೂಕ್ಷ್ಮ ರಕ್ತನಾಳಗಳು ಹೆಚ್ಚು ಒತ್ತಾಗಿವೆ. ರಕ್ತದ ಹಿಮೋಗ್ಲೋಬಿನ್ನಿನಲ್ಲಿ ಆಗಿರುವ ಕೆಲವೇ ಸಣ್ಣ ಮಾರ್ಪಾಡುಗಳ ದೆಸೆಯಿಂದ ಅದು ತೆಳುಗಾಳಿಯಲ್ಲಿಯೂ ಆಮ್ಲಜನಕವನ್ನು ಬೇಗನೆ ಹಿಡಿದುಕೊಳ್ಳಬಲ್ಲುದು. ಮಾಗಡಿಯ ಕೆರೆಯ ತಿಟ್ಟಿನ ಮೇಲೆ ಒಂಟಿಗಾಲಿನಲ್ಲಿ ನಿಂತು ತೂಕಡಿಸುವ ಹಕ್ಕಿಯೊಳಗೆ ಇಷ್ಟೆಲ್ಲ ಅಡಗಿದೆ.

ಹೆಬ್ಬಾತುಗಳ ಜೊತೆಯಲ್ಲಿ ಕೆರೆಯ ಬೇರೆ ನಿವಾಸಿಗಳನ್ನೂ ಮರೆಯಬಾರದು. ಸೂಜಿಬಾಲದ ಬಾತು ನೀರಿನೊಳಗೆ ತಲೆಯನ್ನು ಮುಳುಗಿಸಿ ಬಾಲವನ್ನು ಮುಗಿಲಿಗೆ ಎತ್ತಿ ಮೇಯುತ್ತದೆ. ಕವಿಗಳು ವಿರಹಕ್ಕೆ ಉಪಮಾನವಾಗಿ ಮಾಡಿಕೊಂಡ ಚಕ್ರವಾಕ ಜೋಡಿಯಾಗಿಯೇ ಇರುತ್ತದೆ, ಬಂಗಾರಗಂದು ಮೈಯ ಚೆಲುವಾದ ಹಕ್ಕಿ. ಬಣ್ಣದ ಕೊಕ್ಕರೆ, ಕರಿತಲೆಯ ಬಿಳಿ ಕೆಂಬರಲು, ಹಾವಿನಂತೆ ಕೊರಳೆತ್ತಿ ಈಜುವ ಹಾವಕ್ಕಿಗಳೂ ಉಂಟು. ಒಟ್ಟು 166 ಜಾತಿಗಳ ಹಕ್ಕಿಗಳು ಇಲ್ಲಿ ದಾಖಲಾಗಿದ್ದು ಅವುಗಳಲ್ಲಿ 130 ವಲಸೆಯವು ಎಂದು ಸರಕಾರದ ಪ್ರಕಟಣೆ ಹೇಳುತ್ತದೆ. 2024ರ ಜನವರಿ 31ರಂದು ಅಂಕಸಮುದ್ರದ ಕೆರೆ ಮತ್ತು ಅಘನಾಶಿನಿಯ ಅಳಿವೆ ಇವುಗಳ ಜೊತೆಯಲ್ಲಿ ಮಾಗಡಿಯ ಕೆರೆಯೂ ರಾಮ್ಸಾರ್ ತಾಣಗಳ ಪಟ್ಟಿಯನ್ನು ಸೇರಿತು. 1971ರಲ್ಲಿ ಇರಾನಿನ ರಾಮ್ಸಾರ್ ಎಂಬ ಊರಿನಲ್ಲಿ ಆದ ಒಪ್ಪಂದದ ಪ್ರಕಾರ, ಒಂದು ಜಾತಿಯ ನೀರುಹಕ್ಕಿಗಳ ಒಟ್ಟು ಸಂಖ್ಯೆಯಲ್ಲಿ ಶೇಕಡ ಒಂದರಷ್ಟು ಒಂದು ತಾಣವನ್ನು ನೆಚ್ಚಿಕೊಂಡಿದ್ದರೂ ಸಾಕು, ಅದಕ್ಕೆ ಅಂತರರಾಷ್ಟ್ರೀಯ ಮಹತ್ವ ಬರುತ್ತದೆ. ಮಾಗಡಿಯ ಹೆಬ್ಬಾತುಗಳು ಆ ಅಳತೆಯನ್ನು ಎಷ್ಟೋ ಮೀರಿವೆ.

ಆದರೆ 50 ಹೆಕ್ಟೇರಿನ ಕೆರೆ 8,000 ಹೆಬ್ಬಾತುಗಳ ಹೊಟ್ಟೆಯನ್ನು ತುಂಬಲಾರದು. ಇವು ಮೀನು ತಿನ್ನುವ ಹಕ್ಕಿಗಳಲ್ಲ. ಹುಲ್ಲನ್ನೂ ಎಳೆಯ ಪೈರನ್ನೂ ಕಾಳನ್ನೂ ತಿನ್ನತಕ್ಕವು. ಕೆರೆ ಅವುಗಳಿಗೆ ಹಗಲಿನ ಮಲಗುವ ಮನೆ ಮಾತ್ರ. ಇಳಿಹೊತ್ತು ಆಗುತ್ತಿದ್ದಂತೆ ಹಿಂಡಿನಲ್ಲಿ ಮಾತುಕತೆ ಹೆಚ್ಚುತ್ತದೆ. ಒಂದು ಸಂಸಾರ ಕೊರಳನ್ನು ಅಲುಗಿಸಿ ಕೂಗಿದರೆ ಪಕ್ಕದ್ದು ಉತ್ತರ ಕೊಡುತ್ತದೆ. ಹತ್ತಿಪ್ಪತ್ತು ಹಕ್ಕಿಗಳ ತಂಡ ಗಾಳಿಗೆ ಎದುರಾಗಿ ಎದ್ದು, ಕೆರೆಯನ್ನು ಒಂದು ಸುತ್ತು ಹಾಕಿ, ಸಾಲು ಹಿಡಿದು ಹೊಲಗಳ ಕಡೆಗೆ ನಡೆದುಬಿಡುತ್ತದೆ. ಅನಂತರ ಇನ್ನೊಂದು, ಮತ್ತೊಂದು. ಶೇಂಗಾ ಕಿತ್ತ ಹೊಲದಲ್ಲಿ ಮಣ್ಣಿನೊಳಗೆ ಉಳಿದ ಕಾಳು, ಗೋದಿಯ ಸುಳಿ, ಕಡಲೆಯ ಕುಡಿ, ಬದುವಿನ ಗರಿಕೆ ಇವೆಲ್ಲ ಅವುಗಳ ಇರುಳಿನ ಮೇವು. ಬೆಳಗಾಗುವ ವೇಳೆಗೆ ಮತ್ತೆ ಕೆರೆ.

ಒಡ್ಡಿನ ಮೇಲೆ ಎತ್ತುಗಳನ್ನು ಹೊಡೆದುಕೊಂಡು ಬರುತ್ತಿದ್ದ ವೃದ್ಧರೊಬ್ಬರು ನನ್ನ ಕೈಯ ದುರ್ಬೀನನ್ನು ನೋಡಿ ನಿಂತರು.

“ಹಕ್ಕಿ ನೋಡಾಕ ಬಂದೀರೇನ್ರಿ ಸರ? ಇನ್ನ ಸ್ವಲ್ಪ ತಡೀರಿ. ಹೊತ್ತು ಮುಳುಗಿದ ಮ್ಯಾಲೆ ನಮ್ಮ ಹೊಲಕ್ಕ ಬರ್ತಾವ.”

“ಬೆಳಿಗೆ ತ್ರಾಸ ಆಗಂಗಿಲ್ಲೇನ್ರಿ ಅಜ್ಜಾರ?”

“ಆಗ್ತೈತ್ರಿ, ಆಗಂಗಿಲ್ಲ ಅಂದ್ರ ಸುಳ್ಳಾಗ್ತೈತಿ. ಎಳೀದಿದ್ದಾಗ ಕಡ್ಲಿ ಕುಡಿ ನಾವೂ ಚೂಟತೇವಿ, ಅವೂ ಚೂಟತಾವ. ಅದಕ್ಕ ಗಿಡ ಇನ್ನಷ್ಟು ಟೊಂಗಿ ಒಡೀತೈತಿ. ಕಾಯಿ ಹಿಡದ ಮ್ಯಾಲೆ ಬಂದ್ರ ಮಾತ್ರ ಹೊಟ್ಟಿ ಉರೀತೈತಿ. ಏನ್ ಮಾಡೋದ್ರಿ, ಹಿಕ್ಕಿ ಹಾಕೋದೂ ನಮ್ಮ ಹೊಲದಾಗ ಐತಲ್ಲ.”

ಕಡಲೆ ಬಿತ್ತಿದ ಒಂದು ತಿಂಗಳ ಮೇಲೆ ಕುಡಿಯನ್ನು ಚಿವುಟಿದರೆ ಗಿಡ ಅಡ್ಡಲಾಗಿ ಕವಲೊಡೆದು ಹೆಚ್ಚು ಕಾಯಿ ಬಿಡುವುದೆಂಬುದು ಕೃಷಿಶಾಸ್ತ್ರವೂ ಒಪ್ಪಿದ ಮಾತು. ಚಿವುಟಿದ ಕುಡಿ ನಮ್ಮ ಮನೆಗಳಲ್ಲಿ ಪಲ್ಯವಾಗುತ್ತದೆ. ಆ ಹಿರಿಯರ ಲೆಕ್ಕದಲ್ಲಿ ಭಾವುಕತೆ ಇರಲಿಲ್ಲ. ನಷ್ಟವನ್ನು ನಷ್ಟವೆಂದೇ ಹೇಳಿ, ಲಾಭವನ್ನು ಅದರ ಪಕ್ಕದಲ್ಲಿಟ್ಟು, ಉಳಿದುದನ್ನು ಸಹಿಸಿಕೊಂಡ ಲೆಕ್ಕ ಅದು. ಮಾಗಡಿಯ ಸುತ್ತಲಿನ ಹಳ್ಳಿಗಳ ಇಂತಹ ಸಹನೆಯಿಂದಲೇ ಹೆಬ್ಬಾತು ಇಲ್ಲಿ ಉಳಿದಿದೆಯೆಂದು ನಾನು ದೃಢವಾಗಿ ನಂಬುತ್ತೇನೆ. ಕೊಯ್ಲಿನ ಹತ್ತಿರದ ಕಾಯಿಯನ್ನು ಹಕ್ಕಿಗೆ ತೆತ್ತ ರೈತನಿಗೆ ತಕ್ಕ ಪರಿಹಾರ ಹೊತ್ತಿಗೆ ಸರಿಯಾಗಿ ಸಲ್ಲಬೇಕು. ಸಹನೆಯನ್ನು ಹೊಗಳಿ ಅದರ ಬೆಲೆಯನ್ನು ಅವನೊಬ್ಬನ ಮೇಲೆಯೇ ಹೊರಿಸುವುದು ನ್ಯಾಯವಲ್ಲ.

ರಾಮ್ಸಾರ್ ಪಟ್ಟಿಯ ಎಲ್ಲೆ ಕೆರೆಯ ಅಂಚಿನಲ್ಲಿ ನಿಲ್ಲುತ್ತದೆ. ಹೆಬ್ಬಾತಿನ ಎಲ್ಲೆ ಅಲ್ಲಿ ನಿಲ್ಲುವುದಿಲ್ಲ. ಹೊಲಗಳಲ್ಲಿ ಕೊಳವೆಬಾವಿ ಕೊರೆದು ಕಡಲೆ ಗೋದಿಗಳ ಜಾಗದಲ್ಲಿ ವರ್ಷವಿಡೀ ನಿಲ್ಲುವ ಎತ್ತರದ ಬೆಳೆ ಬಂದರೆ, ಇಳಿಯಲು ಬಯಲನ್ನು ಬಯಸುವ ಈ ಹಕ್ಕಿಗೆ ಮೇಯುವ ನೆಲ ಕುಗ್ಗುತ್ತದೆ; ಸುತ್ತಲೂ ನೋಟ ಹರಿಯದ ಕಡೆ ಅದು ಇಳಿಯಲೊಲ್ಲದು. ಬೀಜಕ್ಕೂ ಎಲೆಗೂ ಹಾಕುವ ವಿಷ ನೇರವಾಗಿ ಅದರ ಹೊಟ್ಟೆಗೆ ಹೋಗುತ್ತದೆ. ಬಳ್ಳಾರಿ ಜಾಲಿ ಕೆರೆಯಂಗಳವನ್ನು ಆಕ್ರಮಿಸಿದರೆ ಕೂಡುವ ತಿಟ್ಟೂ ಇಲ್ಲದಾಗುತ್ತದೆ. ಮಳೆ ಕೈಕೊಟ್ಟು ಕೆರೆ ಒಣಗಿದರೆ ಹಕ್ಕಿ ಬೇರೆ ನೀರನ್ನು ಹುಡುಕಿಕೊಳ್ಳುತ್ತದೆ, ಮಳೆ ಬಂದ ವರ್ಷ ಮರಳುತ್ತದೆ. ಅದು ಪ್ರಕೃತಿಯ ಏರಿಳಿತ. ಆದರೆ ನೀರಿದ್ದೂ ಹೊಲವಿಲ್ಲದ ಸ್ಥಿತಿ ಒದಗಿದರೆ ಅದಕ್ಕೆ ಮರುವರ್ಷದ ಮಳೆ ಮದ್ದಾಗಲಾರದು. ಅದಕ್ಕಾಗಿ ಜನವರಿಯ ಗಣತಿಯ ಕಾಲದಲ್ಲಿ ಕೆರೆಯಲ್ಲಿ ಹಕ್ಕಿಗಳನ್ನು ಎಣಿಸಿ ತೃಪ್ತರಾಗದೆ, ಅವು ಇರುಳಿನಲ್ಲಿ ಯಾವ ಯಾವ ಊರಿನ ಯಾವ ಯಾವ ಬೆಳೆಯ ಹೊಲಗಳಲ್ಲಿ ಇಳಿಯುವುವೆಂಬುದನ್ನು ರೈತರನ್ನೇ ಕೇಳಿ, ವರ್ಷದಿಂದ ವರ್ಷಕ್ಕೆ ನಕ್ಷೆಯಲ್ಲಿ ಗುರುತು ಮಾಡಿ ಇಡಬೇಕು. ಗದಗಿನ, ಲಕ್ಷ್ಮೇಶ್ವರದ, ಮುಂಡರಗಿಯ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದುವ ಹುಡುಗರಲ್ಲಿ ಬಹುಮಂದಿ ಇದೇ ಹಳ್ಳಿಗಳ ಒಕ್ಕಲುಮಕ್ಕಳು. ಅವರಿಗಿಂತ ಈ ಕೆಲಸವನ್ನು ಚೆನ್ನಾಗಿ ಮಾಡಬಲ್ಲವರು ಯಾರು?

ನೋಡಲು ಬರುವವರಿಗೆ ಎರಡು ಮಾತು. ಡಿಸೆಂಬರಿನ ನಡುವಿನಿಂದ ಫೆಬ್ರವರಿಯ ಕೊನೆಯವರೆಗಿನ ಕಾಲ ಉತ್ತಮ. ಮಾರ್ಚಿಯ ಬಿಸಿಲಿಗೆ ಹೆಬ್ಬಾತುಗಳು ಹೊರಡುತ್ತವೆ. ಬೆಳಗ್ಗೆ ಡೋಣಿ, ಡಂಬಳ. ಮಧ್ಯಾಹ್ನಕ್ಕೆ ಮೊದಲು ಎರಿಯ ದಾರಿ. ಇಳಿಹೊತ್ತಿಗೆ ಮಾಗಡಿ. ಅಲ್ಲಿ ಬಿಸಿಲು ಬೆನ್ನ ಹಿಂದೆ ಇರುವಂತೆ ಒಡ್ಡಿನ ಮೇಲೆ ಜಾಗ ಹಿಡಿದು ಕೂಡಬೇಕು. ನೀರಿನ ಅಂಚಿಗೆ ಇಳಿಯಬಾರದು, ಹಕ್ಕಿ ಹಾರಲೆಂದು ಚಪ್ಪಾಳೆ ಹೊಡೆಯಬಾರದು. ಅಷ್ಟು ದೂರದಿಂದ ಬಂದ ಹಕ್ಕಿಗೆ ಹಗಲಿನ ನಿದ್ರೆ ಮರುಪ್ರಯಾಣದ ಬುತ್ತಿ. ಹೊಲಗಳಲ್ಲಿ ಮೇಯುವ ಹಿಂಡನ್ನು ನೋಡಬೇಕೆಂದಿದ್ದರೆ ಕಾರನ್ನು ರಸ್ತೆಯಲ್ಲಿಯೇ ಬಿಟ್ಟು, ಹೊಲದೊಡೆಯರನ್ನು ಕೇಳಿ, ಅವರು ತೋರಿಸಿದ ಬದುವಿನ ಮೇಲೆಯೇ ನಡೆಯಬೇಕು. ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ಬಂದವರನ್ನು ಅವರು ಊಟಕ್ಕೆ ಕರೆಯದೆ ಬಿಡುವುದಿಲ್ಲ. ಬುತ್ತಿ ಕಟ್ಟಿಕೊಂಡು ಬರುವ ಅವಶ್ಯಕತೆ ಇಲ್ಲ.